ಕೆಂಪು ನಕ್ಷತ್ರ ಹಾಕುವ ಮುನ್ನ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಭಾನುವಾರ ಫೋನಿನಲ್ಲಿ ನೀನು ಆಡಿದ ಮಾತಿಗೆ ಆಗಲೇ ಉತ್ತರಿಸಬಹುದಿತ್ತು. ಆದರೆ ಅವಸರದಲ್ಲಿ ಹೇಳಿದರೆ ಅದು ವಾದವಾಗಿಬಿಡುತ್ತದೆ ಎಂದು ಸುಮ್ಮನಾದೆ. ಗ್ರಾಹಕರ ನೋಂದಣಿ ನಮೂನೆ ತಯಾರಿಸುವ ಕೆಲಸವನ್ನು ನಿನಗೆ ವಹಿಸಿದ್ದಾರೆ, ಅದರಲ್ಲಿ ತಂದೆಯ ಹೆಸರು, ಹುಟ್ಟಿದ ದಿನಾಂಕ, ಆಧಾರ್ ಸಂಖ್ಯೆ ಈ ಮೂರನ್ನೂ ಕಡ್ಡಾಯ ಮಾಡಲು ಹೇಳಿದ್ದಾರೆ, ಏಕೆಂದು ನೀನು ಕೇಳಲಿಲ್ಲ. "ಹೇಳಿದ್ದನ್ನು ಕೋಡ್ ಮಾಡುವುದಷ್ಟೇ ನನ್ನ ಕೆಲಸ ಅಮ್ಮ, ಕಾನೂನು ನೋಡಿಕೊಳ್ಳಲು ಲೀಗಲ್ ಟೀಮ್ ಇದೆ, ರಾಜಕೀಯವಂತೂ ನನಗೆ ಬೇಡವೇ ಬೇಡ" ಎಂದೆ. ಇಷ್ಟು ವರ್ಷ ಇದೇ ಕಸುಬಿನಲ್ಲಿ ಬದುಕಿದವಳಾಗಿ ಈ ಮಾತನ್ನು ನಾನು ಒಪ್ಪಲಾರೆ. ನಮೂನೆಯ ಯಾವ ಕಾಲಮ್ಮಿನ ಪಕ್ಕದಲ್ಲಿ ಕಡ್ಡಾಯವೆಂದು ಸೂಚಿಸುವ ಕೆಂಪು ನಕ್ಷತ್ರ ಹಾಕಬೇಕು, ಯಾವುದರ ಪಕ್ಕದಲ್ಲಿ ಬೇಡ ಎಂಬ ತೀರ್ಮಾನದಲ್ಲಿ ಕಾನೂನೂ ಇದೆ, ರಾಜಕೀಯವೂ ಇದೆ. ಆ ತೀರ್ಮಾನ ಮೊದಲು ಆಗುವುದು ನಮ್ಮ ಮೇಜಿನ ಮೇಲೆ, ನ್ಯಾಯಾಲಯದ ಮುಂದೆ ಅದು ಬರುವುದು, ಬಂದರೆ, ಎಷ್ಟೋ ವರ್ಷಗಳ ಮೇಲೆ.

ತಂದೆಯ ಹೆಸರನ್ನೇ ತೆಗೆದುಕೋ. 2016ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ನಿಯಮಗಳನ್ನು ಬದಲಿಸಿ ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಕೊಟ್ಟರೆ ಸಾಕು ಎಂದು ಮಾಡಿದರು. 2018ರ ಡಿಸೆಂಬರಿನಿಂದ, ತಾಯಿಯೊಬ್ಬಳೇ ಸಾಕಿದ ಮಕ್ಕಳು ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಬರೆಯಬೇಕಾಗಿಲ್ಲ ಎಂದಾಯಿತು. ಡೇಟಾಬೇಸಿನಲ್ಲಿ ನೋಡಿದರೆ ಇವೆರಡೂ ಒಂದೊಂದು ಕಾಲಮ್ಮಿನ ಮೇಲಿದ್ದ 'ನಾಟ್ ನಲ್', ಅಂದರೆ ಖಾಲಿ ಬಿಡುವಂತಿಲ್ಲ ಎಂಬ ನಿರ್ಬಂಧವನ್ನು ತೆಗೆಯುವಷ್ಟು ಸಣ್ಣ ಕೆಲಸ. ಆದರೆ ಆ ನಿರ್ಬಂಧ ಇದ್ದಷ್ಟು ಕಾಲ ಗಂಡನಿಂದ ದೂರವಾದ, ಮದುವೆಯೇ ಆಗದ ತಾಯಂದಿರು ಕಚೇರಿಯಿಂದ ಕಚೇರಿಗೆ ಅಲೆದು, ಅಪರಿಚಿತ ಗುಮಾಸ್ತರ ಮುಂದೆ ತಮ್ಮ ಬದುಕಿನ ಕಥೆ ಹೇಳಬೇಕಾಯಿತು. ಅಂಥ ಹೆಣ್ಣುಮಗಳೊಬ್ಬಳು ನೀನು ಮಾಡುವ ನಮೂನೆಯ ಮುಂದೆಯೂ ಕೂರುತ್ತಾಳೆ. 'ಮುಂದುವರಿಯಿರಿ' ಎಂಬ ಗುಂಡಿ ಬೂದುಬಣ್ಣದಲ್ಲೇ ಉಳಿದಾಗ ಅವಳು ಯಾರನ್ನು ಕೇಳಬೇಕು?

ಹುಟ್ಟಿದ ದಿನಾಂಕದ್ದು ಬೇರೆಯದೇ ಕಥೆ. ಹಳ್ಳಿಗಳಲ್ಲಿ ಸಣ್ಣ ಸಾಲ ಕೊಡುವ ಸಂಸ್ಥೆಯೊಂದರ ದತ್ತಾಂಶವನ್ನು ಹಿಂದೆ ನಾನು ಹತ್ತಿರದಿಂದ ನೋಡಿದ್ದೆ. ಅಲ್ಲಿ ಸಾಲ ಪಡೆದ ಹೆಂಗಸರಲ್ಲಿ ಬಹಳ ಮಂದಿ ಜನವರಿ 1ರಂದು ಹುಟ್ಟಿದವರೆಂದು ದಾಖಲಾಗಿತ್ತು. ಅವರಿಗೆ ತಮ್ಮ ಹುಟ್ಟಿದ ದಿನ ಗೊತ್ತಿರಲಿಲ್ಲ. ನಮೂನೆ ಖಾಲಿ ಬಿಡಲು ಒಪ್ಪುತ್ತಿರಲಿಲ್ಲ. ಟ್ಯಾಬ್ ಹಿಡಿದು ಹೋದ ಹುಡುಗನಿಗೆ ಸಂಜೆಯೊಳಗೆ ಊರು ಮುಗಿಸಬೇಕಿತ್ತು. ಅವನ ತಪ್ಪೇನೂ ಇಲ್ಲ. ವಯಸ್ಸನ್ನು ಅಂದಾಜಿನಲ್ಲಿ ಬರೆಯಲು ಒಂದು ಜಾಗ ಕೊಟ್ಟಿದ್ದರೆ ಸಾಕಿತ್ತು. ಮುಂದೆ ಅದೇ ಸುಳ್ಳು ದಿನಾಂಕ ಬ್ಯಾಂಕಿನ ದಾಖಲೆಯೊಂದಿಗೆ ತಾಳೆಯಾಗದೆ ಸಾಲದ ಮೊತ್ತ ತಡೆಹಿಡಿಯಲ್ಪಟ್ಟಾಗ, ತಿದ್ದುಪಡಿಗಾಗಿ ದಿನಗೂಲಿ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಓಡಾಡಿದವರು ಅವರೇ.

ಇನ್ನು ಆಧಾರ್. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ತಂತ್ರಜ್ಞಾನ ಕಾನೂನಿಗಿಂತ ಮುಂದೆ ಓಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ. ಆಧಾರ್ ಪ್ರಾಧಿಕಾರ ಹುಟ್ಟಿದ್ದು 2009ರಲ್ಲಿ, ಸರ್ಕಾರದ ಒಂದು ಆದೇಶದಿಂದ. ಅದಕ್ಕೆ ಸಂಸತ್ತಿನ ಕಾಯ್ದೆ ಬಂದದ್ದು 2016ರ ಮಾರ್ಚಿನಲ್ಲಿ. ಅಷ್ಟು ಹೊತ್ತಿಗೆ ನೂರು ಕೋಟಿಯ ಹತ್ತಿರ ಜನರ ಬೆರಳಚ್ಚು, ಕಣ್ಣಿನ ಪಾಪೆಯ ಚಿತ್ರ ಸರ್ವರುಗಳನ್ನು ಸೇರಿಯಾಗಿತ್ತು. ಇದನ್ನು 2012ರಲ್ಲಿಯೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ನಮ್ಮವರೇ ಆದ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಆಗ ಅವರ ವಯಸ್ಸು ಎಂಬತ್ತೈದನ್ನು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರದ ಪರವಾಗಿ ವಾದಿಸಲಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಅದು ಮೂಲಭೂತ ಹಕ್ಕು ಎಂದು ಸಾರಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಐವರ ಪೀಠ ಬಹುಮತದಿಂದ ಆಧಾರ್ ಯೋಜನೆಯನ್ನು ಉಳಿಸಿಕೊಂಡರೂ, ಖಾಸಗಿ ಕಂಪನಿಗಳು ಕರಾರಿನ ಹೆಸರಿನಲ್ಲಿ ಆಧಾರ್ ಕೇಳಲು ಅವಕಾಶ ಕೊಟ್ಟಿದ್ದ ಸೆಕ್ಷನ್ 57ರ ಭಾಗವನ್ನು ತೆಗೆದುಹಾಕಿತು. 2019ರ ತಿದ್ದುಪಡಿ ಮತ್ತೆ ದಾರಿ ತೆರೆಯಿತು ನಿಜ, ಆದರೆ ಸ್ವಇಚ್ಛೆಯಿಂದ ಕೊಡುವವರಿಗೆ ಮಾತ್ರ. ಕೊಡದವರಿಗೆ ಮುಂದಿನ ಪುಟವೇ ತೆರೆಯದಿದ್ದರೆ ಅಲ್ಲಿ ಸ್ವಇಚ್ಛೆ ಎಲ್ಲಿಂದ ಬಂತು? ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಹೆಸರನ್ನು ನಮ್ಮ ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠವಾಗಿ ಹೇಳಿಕೊಡದೆ ಇರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ರಾಜಕೀಯ ಬೇಡ ಎಂದೆಯಲ್ಲ, ಪಕ್ಷದ ಜಗಳ ಬೇಡ ಎಂಬ ಅರ್ಥದಲ್ಲಾದರೆ ನನ್ನ ಒಪ್ಪಿಗೆಯಿದೆ. ಆಧಾರ್ ಶುರು ಮಾಡಿದ ಸರ್ಕಾರ ಒಂದು, ಎಲ್ಲೆಡೆ ಹರಡಿದ ಸರ್ಕಾರ ಇನ್ನೊಂದು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ಸೆಕ್ಷನ್ 66ಎ ಸೇರಿಸಿದವರು ಒಬ್ಬರು, ಕೋರ್ಟಿನಲ್ಲಿ ಅದನ್ನು ಸಮರ್ಥಿಸಿದವರು ಅವರ ವಿರೋಧಿಗಳು. ಜಾಲತಾಣದಲ್ಲಿ ಯಾರಿಗಾದರೂ ಕಿರಿಕಿರಿಯಾಗುವಂತೆ ಬರೆದರೂ ಜೈಲಿಗೆ ಹಾಕಬಹುದಾಗಿದ್ದ ಆ ಸೆಕ್ಷನ್ನನ್ನು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆಮೇಲೆ ನಡೆದದ್ದನ್ನು ನೀನು ಪ್ರೋಗ್ರಾಮರ್ ಆಗಿ ಗಮನಿಸಬೇಕು: ವರ್ಷಗಳು ಕಳೆದರೂ ಠಾಣೆಗಳಲ್ಲಿ ಅದೇ ಸೆಕ್ಷನ್ನಿನಡಿ ಎಫ್‌ಐಆರ್ ದಾಖಲಾಗುತ್ತಲೇ ಇದ್ದವು. 2021ರ ಜುಲೈನಲ್ಲಿ ಈ ವಿಷಯ ಬಂದಾಗ ಕೋರ್ಟ್ ಆಘಾತ ವ್ಯಕ್ತಪಡಿಸಿತು. ಅಚ್ಚಾದ ಕಾಯ್ದೆಯ ಪುಸ್ತಕದಲ್ಲಿ 66ಎ ಹಾಗೆಯೇ ಉಳಿದಿದೆ, ರದ್ದಾಗಿದೆ ಎಂಬುದು ಅಡಿಟಿಪ್ಪಣಿಯಲ್ಲಿ ಮಾತ್ರ ಇದೆ ಎಂದು ಅಟಾರ್ನಿ ಜನರಲ್ ಹೇಳಿದರು. ಪ್ರೋಗ್ರಾಮಿನಲ್ಲಿ ಬೇಕಾದಾಗ ಕರೆದು ಬಳಸುವ ಹಳೆಯ ಫಂಕ್ಷನ್ನನ್ನು ಅಳಿಸದೆ, ಮೇಲೆ ಒಂದು ಕಾಮೆಂಟ್, ಅಂದರೆ ಓದುವವರಿಗಷ್ಟೇ ಕಾಣುವ ಟಿಪ್ಪಣಿ, ಬರೆದು ಬಿಟ್ಟರೆ ಎಲ್ಲೆಲ್ಲಿಂದಲೋ ಅದಕ್ಕೆ ಕರೆ ಬರುತ್ತಲೇ ಇರುತ್ತದೆ ಎಂಬುದನ್ನು ನಿನಗೆ ನಾನು ವಿವರಿಸಬೇಕಾಗಿಲ್ಲ. ಇಲ್ಲಿ ಕರೆ ಹೋದಾಗಲೆಲ್ಲ ಯಾರೋ ಒಬ್ಬರು ಠಾಣೆಯ ಮೆಟ್ಟಿಲು ಹತ್ತಿದರು.

ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಅದರ ಸೆಕ್ಷನ್ 6ನ್ನು ನೀನೇ ಓದು, ಲೀಗಲ್ ಟೀಮಿನವರು ಮಾಡಿಕೊಡುವ ಸಾರಾಂಶವನ್ನಲ್ಲ. ಆನ್‌ಲೈನ್‌ನಲ್ಲಿ ವೈದ್ಯಕೀಯ ಸಲಹೆ ಕೊಡುವ ಆ್ಯಪ್ ಒಂದು ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಗೂ ಒಪ್ಪಿಗೆ ಕೇಳಿ, ಬಳಕೆದಾರಳು ಎರಡಕ್ಕೂ ಒಪ್ಪಿದಳೆಂದು ಇಟ್ಟುಕೊಂಡು ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ಸಲಹೆ ನೀಡಲು ಆ ಪಟ್ಟಿ ಬೇಕಾಗಿಲ್ಲವಾದ್ದರಿಂದ, ಅವಳು ಒಪ್ಪಿದ್ದರೂ ಆ ಒಪ್ಪಿಗೆ ವೈದ್ಯಕೀಯ ಸೇವೆಯ ಮಟ್ಟಿಗೆ ಮಾತ್ರ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ಇನ್ನು ಕಂಪನಿಯ ಔದಾರ್ಯದ ಮಾತಲ್ಲ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿದೆ. ನಿಮ್ಮ ಕಂಪನಿಯಲ್ಲಿ ಆ ಕೆಲಸವನ್ನು ಕೊನೆಯ ತಿಂಗಳಿಗೆ ತಳ್ಳದಂತೆ ನೋಡಿಕೊಳ್ಳುವವರಲ್ಲಿ ನೀನೂ ಒಬ್ಬಳಾಗಿರಲಿ ಎಂಬುದು ನನ್ನ ಆಸೆ.

ಈ ಕಾಯ್ದೆಯನ್ನು ನಾನು ಪೂರ್ತಿಯಾಗಿ ಮೆಚ್ಚಿಕೊಂಡಿದ್ದೇನೆ ಎಂದುಕೊಳ್ಳಬೇಡ. ಕೇಂದ್ರ ಸರ್ಕಾರ ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳನ್ನು ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳ ಮೇಲೆ ಅಧಿಸೂಚನೆಯ ಮೂಲಕ ಇದರಿಂದ ಹೊರಗಿಡಬಹುದು. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ)ಯನ್ನೂ ಇದು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ಅಧಿಕಾರಿಗಳು ಉತ್ತರ ನಿರಾಕರಿಸುವುದನ್ನು ಸುಲಭ ಮಾಡಿದೆ. ಪ್ರಜೆಯ ಖಾಸಗಿತನವನ್ನು ಕಾಯಬೇಕಾದ ಕಾಯ್ದೆ ಅಧಿಕಾರದಲ್ಲಿರುವವರು ಅಡಗಿಕೊಳ್ಳುವ ಮರೆಯಾಗಬಾರದು ಎಂದು ನಾನು ನಂಬುತ್ತೇನೆ, ಯಾವ ಪಕ್ಷ ಆಳುತ್ತಿದ್ದರೂ ಇದನ್ನೇ ಹೇಳುತ್ತೇನೆ. ಕೇಳಿದರೆ ಫಲ ಸಿಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಕೋವಿಡ್ ಕಾಲದಲ್ಲಿ ಆರೋಗ್ಯ ಸೇತು ಆ್ಯಪ್ ಕಡ್ಡಾಯವಾದಾಗ ಜನ ಅದರ ಕೋಡ್ ತೋರಿಸಿ ಎಂದರು. 2020ರ ಮೇ ತಿಂಗಳ ಕೊನೆಯಲ್ಲಿ ಆಂಡ್ರಾಯ್ಡ್ ಆವೃತ್ತಿಯ ಕೋಡ್ ಹೊರಬಂತು. ಕಾನೂನಿನ ಬೆಂಬಲವಿಲ್ಲದೆ, ಆ್ಯಪ್ ಹಾಕಿಕೊಂಡಿಲ್ಲ ಎಂಬ ಕಾರಣಕ್ಕೆ ನಾಗರಿಕರಿಗೆ ಸವಲತ್ತು ನಿರಾಕರಿಸುವಂತಿಲ್ಲ ಎಂದು ಅದೇ ವರ್ಷ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟ್. ಜನರ ತೆರಿಗೆ ಹಣದಲ್ಲಿ ಬರೆದ ಕೋಡ್ ಜನರ ಕಣ್ಣಿಗೆ ಬೀಳುವಂತಿರಬೇಕು ಎಂಬುದು ನನ್ನ ಬಹುಕಾಲದ ಅಭಿಪ್ರಾಯ.

ನಮೂನೆಯ ಆಚೆಗೂ ನಿನ್ನ ಕೈಯಲ್ಲಿರುವುದು ಬಹಳ ಇದೆ. ವ್ಯವಸ್ಥೆಯಲ್ಲಿ ನಡೆದದ್ದನ್ನು ದಾಖಲಿಸುವ ಲಾಗ್ ಫೈಲುಗಳನ್ನು ಒಮ್ಮೆ ತೆರೆದು ನೋಡು. ಮೊಬೈಲ್ ಸಂಖ್ಯೆ, ಒಟಿಪಿ ಇದ್ದ ಹಾಗೆಯೇ ಅದರಲ್ಲಿ ಬಿದ್ದಿರುತ್ತವೆ, ಕಚೇರಿಯಲ್ಲಿ ಯಾರು ಬೇಕಾದರೂ ಓದಬಹುದು. ನಿಜವಾದ ಗ್ರಾಹಕರ ಪ್ರೊಡಕ್ಷನ್ ಡೇಟಾವನ್ನು ಟೆಸ್ಟಿಂಗ್‌ಗೆಂದು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವ ಅಭ್ಯಾಸ ನಿಮ್ಮಲ್ಲಿದ್ದರೆ ನಿಲ್ಲಿಸಲು ಹೇಳು. ಖಾತೆ ಮುಚ್ಚಿದವರ ದಾಖಲೆಯನ್ನು ಎಂದು ಅಳಿಸುತ್ತೀರಿ ಎಂದು ಕೇಳು.

ಈ ವಾರ ಒಂದು ಕೆಲಸ ಮಾಡು. ಆ ಮೂರು ಕಾಲಮ್ಮುಗಳಲ್ಲಿ ಪ್ರತಿಯೊಂದೂ ಯಾವ ಕೆಲಸಕ್ಕೆ ಬೇಕು, ಯಾವ ನಿಯಮದ ಪ್ರಕಾರ ಕಡ್ಡಾಯ ಎಂದು ನಿನ್ನ ಟೀಮ್ ಲೀಡ್ ಅವರನ್ನು ವಿನಯದಿಂದ ಕೇಳು. ಬಾಯಿಮಾತಿನಲ್ಲಿ ಬೇಡ, ಆ ಕೆಲಸವನ್ನು ದಾಖಲಿಸಿರುವ ಟಿಕೆಟ್ಟಿನಲ್ಲೇ ಬರೆದು ಕೇಳು. ನಿಯಮ ತೋರಿಸಿದರೆ ಅದರ ಸಂಖ್ಯೆಯನ್ನು ಅಲ್ಲಿಯೇ ದಾಖಲಿಸಿ ಕೆಲಸ ಮುಂದುವರಿಸು, ನನ್ನ ಆಕ್ಷೇಪವಿಲ್ಲ. ತೋರಿಸಲಾಗದಿದ್ದರೆ ನಕ್ಷತ್ರ ತೆಗೆಯಲು ಅನುಮತಿ ಕೇಳು. ಅವರು ಏನೆಂದರು ಎಂದು ನನಗೆ ತಿಳಿಸು.

ಇಂತಿ ನಿನ್ನ ಪ್ರೀತಿಯ
ಅಮ್ಮ