ಎಲೆ ಸಿಗದ ಸಂಖ್ಯೆಗಳು

ತೀರ್ಥಹಳ್ಳಿ

ಪುಟ್ಟೀ,

ಮೊನ್ನೆ ಫೋನಿನಲ್ಲಿ ಜಗಳಕ್ಕೇ ಬಂದೆಯಲ್ಲ. "ಇನ್ಫಿನಿಟಿ ಅಂದ್ಮೇಲೆ ಮುಗೀತು, ಅದರಲ್ಲಿ ಚಿಕ್ಕದು ದೊಡ್ಡದು ಎಂಥದಮ್ಮ?" ಅಂತ. ಕ್ಲಾಸಿನಲ್ಲಿ ಉಳಿದವರೆಲ್ಲ ಬೋರ್ಡಿನಲ್ಲಿದ್ದದ್ದನ್ನು ಬರೆದುಕೊಂಡು ಸುಮ್ಮನಾದರಂತೆ, ನಿನಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲವಂತೆ. ಒಳ್ಳೆಯದೇ ಆಯ್ತು. ಇಷ್ಟು ವರ್ಷ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು, ಬೇಗ ತಲೆ ಆಡಿಸುವ ಮಕ್ಕಳನ್ನು ಕಂಡರೆ ನನಗೆ ಹೆದರಿಕೆ. ಈ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ, ಅಂಕಿ ಕಣ್ಣಿಗೆ ಕಾಣಬೇಕು. ಪೆನ್ನು ಹಿಡಿದು ಓದು.

ಮೊದಲು ಒಂದು ಮಾತು. ತುಂಬಾ ಜಾಸ್ತಿ ಇರುವುದು ಬೇರೆ, ಎಣಿಸಲಾಗದ್ದು ಬೇರೆ. ಅಪ್ಪ ಅಂಗಳದಲ್ಲಿ ಒಣಹಾಕಿರುವ ಅಡಿಕೆ ಹಾಗಿರಲಿ, ಇಡೀ ಶಿವಮೊಗ್ಗ ಜಿಲ್ಲೆಯ ಅಡಿಕೆ ತಂದು ರಾಶಿ ಹಾಕಿದರೂ ಅದು ಲೆಕ್ಕಕ್ಕೆ ಸಿಗುತ್ತದೆ. ಎಣಿಸುವವರಿಗೆ ಸೊಂಟ ಬೀಳುತ್ತದೆ, ಅಷ್ಟೇ.

ಈಗ ನಮ್ಮ ಕಡೆಯ ಮದುವೆ ಊಟ ನೆನಪಿಸಿಕೋ. "ಎಲೆ ಹಾಕಿದೆ, ಏಳಿ" ಅಂತ ಕರೆದರು. ಎಲ್ಲರೂ ಹೋಗಿ ಕೂತರು. ಒಂದು ಎಲೆಯೂ ಖಾಲಿ ಉಳಿಯಲಿಲ್ಲ, ಒಬ್ಬರೂ ನಿಂತಿಲ್ಲ. ಜನ ಎಷ್ಟು, ಎಲೆ ಎಷ್ಟು ಅಂತ ಯಾರೂ ಎಣಿಸಲಿಲ್ಲ. ಆದರೂ ಎರಡೂ ಸಮ ಅಂತ ಗೊತ್ತಾಯಿತು, ಅಲ್ವಾ? ಜರ್ಮನಿಯ ಹಾಲೆ ಊರಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಗಿಯೋರ್ಗ್ ಕ್ಯಾಂಟರ್ ಹಿಡಿದುಕೊಂಡದ್ದು ಇದೊಂದೇ ಎಳೆ. ಒಂದಕ್ಕೊಂದು ಜೋಡಿ ಆದರೆ ಎರಡು ಗಣಗಳು, ಅಂದರೆ ಗುಂಪುಗಳು, ಸಮ. ಗಣಕ್ಕೆ ಕೊನೆ ಇರಲಿ, ಇಲ್ಲದಿರಲಿ.

ಕೊನೆಯೇ ಇಲ್ಲದ ಒಂದು ಪಂಕ್ತಿ ಇದೆ ಅಂತಿಟ್ಟುಕೋ. ಎಲೆಗಳಿಗೆ 1, 2, 3 ಅಂತ ನಂಬರು. ಯಾವ ಗಣದ ಪ್ರತಿಯೊಬ್ಬರಿಗೂ ಈ ಪಂಕ್ತಿಯಲ್ಲಿ ಒಂದೊಂದು ಎಲೆ ಕೊಡಲು ಆಗುತ್ತದೋ ಅದು ಎಣಿಸಬಹುದಾದ ಗಣ. ಎಲ್ಲ ಎಲೆಯೂ ತುಂಬಿದ ಮೇಲೆ ಒಬ್ಬರು ತಡವಾಗಿ ಬಂದರು. ಎಲ್ಲರೂ ಒಂದೊಂದು ಎಲೆ ಜರುಗಿ ಅಂದರಾಯಿತು, ಮೊದಲ ಎಲೆ ಖಾಲಿ. ಕೊನೆಯಿಲ್ಲದಷ್ಟು ಜನ ತಡವಾಗಿ ಬಂದರೋ? ಪ್ರತಿಯೊಬ್ಬರೂ ತಮ್ಮ ಎಲೆಯ ನಂಬರಿನ ಎರಡರಷ್ಟಕ್ಕೆ ಹೋಗಲಿ. ಬೆಸ ನಂಬರಿನ ಎಲೆಗಳೆಲ್ಲ ಬಂದವರಿಗೆ. ಋಣ ಸಂಖ್ಯೆಗಳನ್ನೂ ಹೀಗೇ ಕೂರಿಸಬಹುದು, ಪೂರ್ಣಾಂಕಗಳ ಕತೆ ಅಲ್ಲಿಗೆ ಮುಗಿಯಿತು. ಜರ್ಮನಿಯ ಇನ್ನೊಬ್ಬ ಗಣಿತಜ್ಞ ಹಿಲ್ಬರ್ಟ್ ಇದನ್ನೇ ಹೋಟೆಲ್ ರೂಮುಗಳ ಲೆಕ್ಕದಲ್ಲಿ ಹೇಳಿದ. ನನಗೆ ಪಂಕ್ತಿಯೇ ವಾಸಿ.

ಭಿನ್ನರಾಶಿಗಳಿಗೆ ಸ್ವಲ್ಪ ಜಾಣತನ ಬೇಕು. ಛೇದ 1 ಇರುವವರೆಲ್ಲ ಒಂದು ಸಾಲು, ಛೇದ 2 ಇರುವವರು ಇನ್ನೊಂದು ಸಾಲು, ಹೀಗೆ ಸಾಲುಗಳಿಗೂ ಕೊನೆಯಿಲ್ಲ. ಮೊದಲ ಸಾಲಿನವರನ್ನು ಪೂರ್ತಿ ಕೂರಿಸಿ ಆಮೇಲೆ ಎರಡನೆಯದಕ್ಕೆ ಬರುತ್ತೇನೆ ಅಂದರೆ ಎರಡನೇ ಸಾಲಿನವರು ಉಪವಾಸ. ಅದಕ್ಕೆ ಅಂಶ, ಛೇದ ಎರಡನ್ನೂ ಕೂಡಿಸಿ, ಮೊತ್ತ ಚಿಕ್ಕದಿರುವವರನ್ನು ಮೊದಲು ಕರೆ. ಮೊತ್ತ 2: 1/1. ಮೊತ್ತ 3: 1/2, 2/1. ಮೊತ್ತ 4: 1/3, 3/1. ನಡುವೆ 2/2 ಬರುತ್ತದೆ, ಆದರೆ ಅದು 1/1 ಆಗಿ ಆಗಲೇ ಕೂತಿದೆ, ಬಿಡು. ಒಂದೊಂದು ಮೊತ್ತಕ್ಕೂ ಬೆರಳೆಣಿಕೆಯ ಜನ, ಹಾಗಾಗಿ ಪ್ರತಿಯೊಬ್ಬರ ಸರದಿಯೂ ಬಂದೇ ಬರುತ್ತದೆ. 3/4 ಕೂರುವುದು 14ನೇ ಎಲೆಗೆ. ನಂಬಬೇಡ, ಬರೆದು ನೋಡು.

ಇಲ್ಲಿಗೆ ಬರುವ ಹೊತ್ತಿಗೆ ನಿನ್ನ ಹಾಗೆ ಎಲ್ಲರಿಗೂ ಅನ್ನಿಸುತ್ತದೆ: ಹಾಗಾದರೆ ಎಲ್ಲವನ್ನೂ ಕೂರಿಸಬಹುದು, ಎಲ್ಲ ಇನ್ಫಿನಿಟಿಯೂ ಒಂದೇ. ಗೆಲಿಲಿಯೊ ಕೂಡ 1638ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ 1, 4, 9, 16 ಅನ್ನುವ ವರ್ಗ ಸಂಖ್ಯೆಗಳನ್ನು 1, 2, 3, 4ಕ್ಕೆ ಜೋಡಿಸಿ ನೋಡಿದ. ಕೊನೆಯಿಲ್ಲದ್ದಕ್ಕೆ ಹೆಚ್ಚು, ಕಡಿಮೆ, ಸಮ ಅನ್ನುವ ಮಾತೇ ಹೊಂದುವುದಿಲ್ಲ ಅಂತ ಹೇಳಿ ಅಲ್ಲಿಗೇ ಬಿಟ್ಟ. ಅಂದರೆ ಫೋನಿನಲ್ಲಿ ನೀನು ಕೂಗಾಡಿದ್ದು ಹೆಚ್ಚುಕಡಿಮೆ ಗೆಲಿಲಿಯೊ ಮಾತೇ. ನಾಚಿಕೆ ಪಡಬೇಕಾದ್ದೇನಿಲ್ಲ.

ನಮ್ಮ ಹೊಸನಗರ ಕಡೆಯ ಹುಂಚದ ಬಸದಿಗೆ ಹೋಗಿದ್ದೇವಲ್ಲ. ಹಳೆಯ ಜೈನ ಗ್ರಂಥಗಳಲ್ಲಿ ಸಂಖ್ಯಾತ, ಅಸಂಖ್ಯಾತ, ಅನಂತ ಅಂತ ಮೂರು ಬಗೆ ಮಾಡಿದ್ದಾರೆ, ಒಂದೊಂದರಲ್ಲಿ ಮತ್ತೆ ಒಳಬಗೆ. ಅನಂತದಲ್ಲೂ ತರತಮ ಇರಬಹುದು ಅಂತ ಯೋಚಿಸಿದ್ದೇ ದೊಡ್ಡದು. ಆದರೆ ಕ್ಯಾಂಟರ್ ಹೇಳಿದ್ದನ್ನೆಲ್ಲ ನಮ್ಮವರು ಮೊದಲೇ ಹೇಳಿದ್ದರು ಅಂತ ಯಾರಾದರೂ ಮೆಸೇಜು ಕಳಿಸಿದರೆ ಮುಂದಕ್ಕೆ ಕಳಿಸಬೇಡ. ಒಂದಕ್ಕೊಂದು ಜೋಡಿಸಿ, ಜೋಡಿ ಆಗುವುದೇ ಇಲ್ಲ ಅಂತ ಸಾಧಿಸಿದ್ದು ಕ್ಯಾಂಟರ್.

ಈಗ ನಿನ್ನ ಗಂಟಲಲ್ಲಿ ಸಿಕ್ಕಿಕೊಂಡ ಜಾಗ. 0 ಮತ್ತು 1ರ ನಡುವಿನ ವಾಸ್ತವ ಸಂಖ್ಯೆಗಳನ್ನೆಲ್ಲ, ಅಂದರೆ ದಶಮಾಂಶವಾಗಿ ಬರೆಯಬಹುದಾದ ಎಲ್ಲವನ್ನೂ, ಎಲೆಗೆ ಕೂರಿಸಿದ್ದೇನೆ ಅಂತ ಯಾರೋ ಬಂದು ಹೇಳುತ್ತಾರೆ. ಲಿಸ್ಟು ತೋರಿಸಿ ಅನ್ನು. ಮೊದಲ ನಾಲ್ಕು ಎಲೆ ಹೀಗಿದೆ ಅಂತಿಟ್ಟುಕೋ:

0.31415…
0.50000…
0.61461…
0.33333…

ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಹೀಗೆ ಮೂಲೆಯಿಂದ ಮೂಲೆಗೆ ಇಳಿ. 3, 0, 4, 3 ಸಿಗುತ್ತದೆ. ಅಂಕಿ 4 ಇದ್ದಲ್ಲಿ 5 ಬರೆ, ಬೇರೆ ಏನಿದ್ದರೂ 4 ಬರೆ. 0.4454… ಅಂತ ಹೊಸ ಸಂಖ್ಯೆ ಬಂತು. ಇದು ಮೊದಲ ಎಲೆಯದ್ದಲ್ಲ, ಮೊದಲ ಅಂಕಿಯೇ ಬೇರೆ. ಎರಡನೆಯದ್ದಲ್ಲ, ಎರಡನೇ ಅಂಕಿ ಬೇರೆ. ಹತ್ತು ಸಾವಿರದ ಎಲೆಯದ್ದೂ ಅಲ್ಲ, ಅಲ್ಲಿ ಹತ್ತು ಸಾವಿರದ ಅಂಕಿ ಬೇರೆ. 0 ಮತ್ತು 1ರ ನಡುವಿನದ್ದೇ ಸಂಖ್ಯೆ, ಅದಕ್ಕೆ ಎಲೆಯಿಲ್ಲ.

"ಅದಕ್ಕೇನಂತೆ, ಅದನ್ನೂ ಸೇರಿಸಿದರಾಯ್ತು. ತಡವಾಗಿ ಬಂದವರಿಗೆ ಜರುಗಿ ಜಾಗ ಕೊಟ್ಟೆವಲ್ಲ?" ಅಂದೆ ನೀನು. ಇಡೀ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಅದೇ. ಸೇರಿಸು, ಬೇಡ ಅನ್ನುವುದಿಲ್ಲ. ಈಗ ನಿನ್ನ ಕೈಯಲ್ಲಿರುವುದು ಹೊಸ ಲಿಸ್ಟು. ಅದರ ಮೇಲೆ ಮತ್ತೆ ಮೂಲೆಯಿಂದ ಇಳಿದರೆ ಇನ್ನೊಂದು ಹೊರಗುಳಿಯುತ್ತದೆ. ನೂರು ಸಲ ಸೇರಿಸು, ಸಾವಿರ ಸಲ ಸೇರಿಸು, ಕೊನೆಗೆ ಉಳಿಯುವುದು ಒಂದು ಲಿಸ್ಟೇ. ಕ್ಯಾಂಟರ್ ಹೇಳಿದ್ದು ಈ ಲಿಸ್ಟಿನಲ್ಲಿ ಒಂದು ಸಂಖ್ಯೆ ತಪ್ಪಿಹೋಗಿದೆ ಅಂತಲ್ಲ. ನೀನು ಯಾವ ಲಿಸ್ಟು ತಂದರೂ, ತಂದ ಮೇಲೆ, ಅದರಲ್ಲಿಲ್ಲದ್ದನ್ನು ತೋರಿಸುತ್ತೇನೆ ಅಂತ. ಮೊದಲು ಲಿಸ್ಟು, ಆಮೇಲೆ ಸಂಖ್ಯೆ. ಈ ಹಿಂದುಮುಂದು ಸರಿಯಾಗಿ ಹಿಡಿದರೆ ಅರ್ಧ ಜಗಳ ಅಲ್ಲೇ ಮುಗಿಯಿತು.

ಇನ್ನರ್ಧವೂ ಮುಗಿಸೋಣ. ಇದೇ ಉಪಾಯವನ್ನು ಭಿನ್ನರಾಶಿಗಳ ಮೇಲೆ ಮಾಡಿದರೆ ಅವೂ ಎಣಿಸಲಾಗದವು ಆಗಬೇಕಲ್ಲ, ಅಂತ ಕೇಳಬೇಕಿತ್ತು ನೀನು. ಮಾಡಿ ನೋಡು. ಹೊಸ ಸಂಖ್ಯೆ ಖಂಡಿತ ಹುಟ್ಟುತ್ತದೆ. ಆದರೆ ಅದು ಭಿನ್ನರಾಶಿಯೇ ಆಗಬೇಕು ಅಂತ ಎಲ್ಲಿದೆ? ಭಿನ್ನರಾಶಿಯ ದಶಮಾಂಶ ಒಂದೋ ಮುಗಿಯಬೇಕು, ಇಲ್ಲವೇ ಒಂದೇ ತುಣುಕು ಮರುಕಳಿಸುತ್ತಿರಬೇಕು. 0 ಮತ್ತು 1ರ ನಡುವಿನ ಭಿನ್ನರಾಶಿ ಎಲ್ಲವೂ ನಿನ್ನ ಲಿಸ್ಟಿನಲ್ಲಿ ಇದ್ದದ್ದು ನಿಜವಾದರೆ, ಹೊಸದಾಗಿ ಹುಟ್ಟಿದ್ದು ಅಭಾಗಲಬ್ಧ, ಅಂದರೆ ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ. ನಮ್ಮ ಪ್ರಮಾಣ (ಪ್ರೂಫ್) ಕೆಡಲಿಲ್ಲ, ಅಭಾಗಲಬ್ಧ ಸಂಖ್ಯೆಗಳು ಇವೆ ಅನ್ನುವುದಕ್ಕೆ ಬಿಟ್ಟಿಯಾಗಿ ಇನ್ನೊಂದು ಪ್ರಮಾಣ ಸಿಕ್ಕಿತು! ನನಗೆ ಇದು ಮೂಲ ಪ್ರಮಾಣಕ್ಕಿಂತಲೂ ಇಷ್ಟ.

1, 2, 3 ಅನ್ನುವ ಸ್ವಾಭಾವಿಕ ಸಂಖ್ಯೆಗಳ ಮೇಲೆ ಮಾಡಲು ಹೋದರೂ ಹಾಗೇ. ಎಂದೂ ಮುಗಿಯದ ಅಂಕಿಗಳ ಸಾಲು ಬರುತ್ತದೆ, ಅಂಥ ಸ್ವಾಭಾವಿಕ ಸಂಖ್ಯೆ ಇಲ್ಲವೇ ಇಲ್ಲ. ಇನ್ನು 0.4999… ಮತ್ತು 0.5 ಒಂದೇ ತಾನೆ, ಅಂಕಿ ಬೇರೆ ಇದ್ದರೂ ಸಂಖ್ಯೆ ಒಂದೇ ಆಗಬಹುದಲ್ಲ ಅನ್ನುವ ತಕರಾರು. ಅದಕ್ಕೇ ಬರೀ 4 ಮತ್ತು 5 ಬಳಸಿದ್ದು. 9ರ ಬಾಲವೂ ಇಲ್ಲ, 0ಯ ಬಾಲವೂ ಇಲ್ಲ.

ಈ ಪ್ರಮಾಣ 1891ರದ್ದು. ಅದರಲ್ಲಿ ಕ್ಯಾಂಟರ್ ದಶಮಾಂಶ ಬರೆಯಲೇ ಇಲ್ಲ, ಎಂ ಮತ್ತು ಡಬ್ಲ್ಯೂ ಅನ್ನುವ ಎರಡು ಅಕ್ಷರಗಳ ಮುಗಿಯದ ಸಾಲುಗಳನ್ನು ತೆಗೆದುಕೊಂಡ. ಅವನ ಮೊದಲ ಪ್ರಮಾಣ ಇದಕ್ಕಿಂತ ಹಳೆಯದು, ಬೇರೆ ದಾರಿಯದ್ದು. 1873ರ ಕೊನೆಯಲ್ಲಿ ಗೆಳೆಯ ಡೆಡೆಕಿಂಡ್‌ಗೆ ಪತ್ರ ಬರೆದು ಕೇಳಿದ್ದ, ವಾಸ್ತವ ಸಂಖ್ಯೆಗಳನ್ನು 1, 2, 3ಕ್ಕೆ ಜೋಡಿಸಲು ಸಾಧ್ಯವೋ ಅಲ್ಲವೋ ಅಂತ. ಡಿಸೆಂಬರಿನಲ್ಲಿ ತಾನೇ ಉತ್ತರ ಕಂಡುಕೊಂಡ, 1874ರಲ್ಲಿ ಅಚ್ಚಾಯಿತು. 1877ರಲ್ಲಿ ಇನ್ನೊಂದು ಪತ್ರ. ಒಂದು ಗೆರೆಯಲ್ಲಿರುವಷ್ಟೇ ಬಿಂದುಗಳು ಇಡೀ ಚೌಕದಲ್ಲಿವೆ ಅಂತ ಸಾಧಿಸಿದ ಮೇಲೆ, ಕಾಣುತ್ತಿದೆ ಆದರೆ ನಂಬಲಾಗುತ್ತಿಲ್ಲ ಅಂತ ಬರೆದ. ಸ್ವತಃ ಸಾಧಿಸಿದವನ ಪಾಡೇ ಹೀಗೆ. ಬರ್ಲಿನ್ನಿನ ಕ್ರೋನೆಕರ್ ಅಂತೂ ಈ ಗಣಿತವನ್ನು ಕೊನೆವರೆಗೂ ಒಪ್ಪಲಿಲ್ಲ.

ಒಂದು ವಿಷಯ ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಕನ್ನಡದ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿಸಿದರೂ ಲೆಕ್ಕಕ್ಕೆ ಸಿಗುವಷ್ಟೇ. ಮೊದಲು ಒಂದು ಅಕ್ಷರದ ಬರಹಗಳು, ಆಮೇಲೆ ಎರಡು ಅಕ್ಷರದವು, ಹೀಗೆ ಉದ್ದದ ಪ್ರಕಾರ ಜೋಡಿಸಿದರೆ ಯಾರಾದರೂ ಎಂದಾದರೂ ಬರೆಯಬಹುದಾದ ಎಲ್ಲ ಕನ್ನಡ ಬರಹಕ್ಕೂ ಪಂಕ್ತಿಯಲ್ಲಿ ಎಲೆ ಸಿಗುತ್ತದೆ, ಈ ಪತ್ರಕ್ಕೂ. ಪ್ರಪಂಚದ ಭಾಷೆಗಳನ್ನೆಲ್ಲ ಸೇರಿಸಿಕೋ, ಹಾಗೇ. ಆದರೆ ವಾಸ್ತವ ಸಂಖ್ಯೆಗಳಿಗೆ ಎಲೆ ಸಾಲುವುದಿಲ್ಲ. ಅಂದರೆ ಹೆಚ್ಚಿನ ಸಂಖ್ಯೆಗಳನ್ನು ಇಂಥದ್ದು ಅಂತ ಬೊಟ್ಟು ಮಾಡಿ ಹೇಳುವ ವಾಕ್ಯವೇ ಇಲ್ಲ. ನಾವು ಹೆಸರಿಟ್ಟು ಕರೆಯುವ ಪೈ, 2ರ ವರ್ಗಮೂಲ ಎಲ್ಲ ಅಪರೂಪದವು, ಹೆಸರಿಲ್ಲದವೇ ಊರು ತುಂಬ.

ಈ ಎರಡರ ನಡುವೆ, ಎಲೆಗಳಿಗಿಂತ ಜಾಸ್ತಿ, ವಾಸ್ತವ ಸಂಖ್ಯೆಗಳಿಗಿಂತ ಕಡಿಮೆ ಇರುವ ಗಣ ಇದೆಯಾ? ಇಲ್ಲ ಅಂತ ಕ್ಯಾಂಟರ್ ನಂಬಿದ್ದ, ಸಾಧಿಸಲು ಆಗಲಿಲ್ಲ. 1900ರಲ್ಲಿ ಪ್ಯಾರಿಸ್‌ನಲ್ಲಿ ಹಿಲ್ಬರ್ಟ್ ಮುಂದಿಟ್ಟ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಗಣಸಿದ್ಧಾಂತದ ಈಗಿನ ಮೂಲ ನಿಯಮಗಳಿಂದ ಕ್ಯಾಂಟರ್‌ನ ಈ ನಂಬಿಕೆಯನ್ನು ತಪ್ಪು ಅಂತ ತೋರಿಸಲಾಗದು ಅಂತ ಗೋಡೆಲ್ 1940ರ ಹೊತ್ತಿಗೆ ಹೇಳಿದ, ಸರಿ ಅಂತಲೂ ತೋರಿಸಲಾಗದು ಅಂತ 1963ರಲ್ಲಿ ಕೋಹೆನ್. ಇದರ ಜಗಳ ನೀನು ಎಂ.ಎಸ್ಸಿ.ಗೆ ಹೋದಾಗ ಆಡೋಣ.

ಈಗ ನಿನಗೊಂದು ಲೆಕ್ಕ. ಸ್ವಾಭಾವಿಕ ಸಂಖ್ಯೆಗಳ ಉಪಗಣಗಳನ್ನೆಲ್ಲ ಎಲೆಗೆ ಕೂರಿಸಿದ್ದಾರೆ ಅಂತಿಟ್ಟುಕೋ, ಎಲೆಗೊಂದು ಉಪಗಣ. ಕೆಲವು ಉಪಗಣಗಳ ಒಳಗೆ ಅವು ಕೂತ ಎಲೆಯ ನಂಬರು ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಇಲ್ಲದ ಎಲೆಗಳ ನಂಬರುಗಳನ್ನೆಲ್ಲ ಒಟ್ಟು ಮಾಡಿದರೆ ಅದೂ ಒಂದು ಉಪಗಣ. ಅದು ಯಾವ ಎಲೆಯಲ್ಲಿ ಕೂತಿದೆ? ಪುಸ್ತಕ ನೋಡದೆ ಬರೆದು ಫೋಟೋ ಕಳಿಸು.

ಕೊಯ್ಲು ಶುರುವಾಗಿದೆ, ಅಪ್ಪನಿಗೆ ಈ ತಿಂಗಳು ಆ ಕಡೆ ಬರಲು ಆಗುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಬಸ್ಸಿನಲ್ಲಿ ಕಳಿಸುತ್ತಿದ್ದಾರೆ. ಬಾಟ್ಲಿಯ ಮುಚ್ಚಳ ಸ್ವಲ್ಪ ಸಡಿಲ, ನೆಟ್ಟಗೆ ಹಿಡಿದುಕೊಂಡು ಹೋಗು.

ನಿನ್ನ
ಅಮ್ಮ