ಕೂಡಿಸೋಕೆ ಬರುತ್ತಾ ಅಂತ ಕೇಳಿದ್ರಲ್ಲ ಅಪ್ಪಾಜಿ

ಕೊಲಂಬಸ್, ಒಹಾಯೊ
ಅಕ್ಟೋಬರ್ 12, ಭಾನುವಾರ

ಅಪ್ಪಾಜಿ ಮತ್ತು ಅವ್ವನಿಗೆ ನಮಸ್ಕಾರ.

ನಾವು ಮೂವರೂ ಆರಾಮ ಇದ್ದೇವೆ. ದಿನಾ ವಿಡಿಯೋ ಕಾಲ್ ಮಾಡುವವನು ಈಗ್ಯಾಕೆ ಪತ್ರ ಬರೆದ ಅಂತೀರಾ? ಇಲ್ಲಿಯ ಗೆಳೆಯನೊಬ್ಬ ದೀಪಾವಳಿಗೆ ಹುಬ್ಬಳ್ಳಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ, ನಾನು ಗ್ಯಾರೇಜಿನಲ್ಲಿ ಬಿಚ್ಚಿ ಮತ್ತೆ ಕೂಡಿಸಿದ ಹಳೇ ಪಿಕಪ್ ಗಾಡಿಯ ಫೋಟೋ ಕಳಿಸುತ್ತಿದ್ದೇನೆ, ಅದರ ಜೊತೆ ಇದು. ಇನ್ನೊಂದು ಕಾರಣವೂ ಇದೆ. ಅಪ್ಪಾಜಿ, ಫೋನಿನಲ್ಲಿ ಗಾಡಿ ಮಾತು ಬಂದರೆ ನೀವು "ಎಷ್ಟಾಯ್ತು? ಮುಗೀತಾ?" ಅಂತ ಎರಡೇ ಕೇಳುತ್ತೀರಿ. ಎರಡಕ್ಕೂ ನಾನು ಇಲ್ಲಿಯವರೆಗೆ ಪೂರಾ ಖರೇ ಹೇಳಿಲ್ಲ. ಎದುರಿಗೆ ನಿಮ್ಮ ಮುಖ ಕಾಣುವಾಗ ಹೇಳೋಕೆ ಬಾಯಿ ಬರುವುದಿಲ್ಲ, ಕಾಗದದಲ್ಲಾದರೆ ಬರುತ್ತೆ.

ಮೊದಲು ರೊಕ್ಕದ ಲೆಕ್ಕ ಮುಗಿಸಿಬಿಡುತ್ತೇನೆ. ಗಾಡಿಗೆ 3,800 ಡಾಲರ್ ಕೊಟ್ಟೆ, ಅದು ನಿಮಗೆ ಗೊತ್ತು. ಆಮೇಲೆ ಸುರಿದದ್ದು "ಎರಡು ಸಾವಿರ ಇರಬಹುದು" ಅಂದಿದ್ದೆನಲ್ಲ, ಅದು 7,600. ಒಟ್ಟು 11,400. ರೂಪಾಯಿಗೆ ತಿರುಗಿಸಬೇಡಿ, ನಾನೇ ಹೇಳುತ್ತೇನೆ, ಹತ್ತು ಲಕ್ಷ. ನಿಮ್ಮ ಸೊಸೆಗೆ ಗೊತ್ತು. ಬೈದಾಗಿದೆ.

ಈಗ ಮುಖ್ಯದ ಮಾತು. ಹೋದ ವರ್ಷ ಆಗಸ್ಟ್‌ನಲ್ಲಿ ಗ್ಯಾರೇಜಿನ ತುಂಬ ಬಿಚ್ಚಿ ಹರಡಿದ್ದ ಸಾಮಾನು ತೋರಿಸಿದಾಗ ನೀವು ಒಂದು ಮಾತು ಅಂದಿರಿ. "ಬಿಚ್ಚೋದು ಯಾವನಿಗಾದರೂ ಬರುತ್ತೆ, ಕೂಡಿಸೋಕೆ ಬರುತ್ತಾ?" ಮೂವತ್ತು ವರ್ಷ ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿ ಎದ್ದವರು ಕೇಳುವ ಪ್ರಶ್ನೆಯೇ ಅದು. ಆದರೆ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕೂತು ಒಂದೊಂದು ಬೋಲ್ಟನ್ನೂ ಸಣ್ಣ ಚೀಲದಲ್ಲಿ ಹಾಕಿ ಮೇಲೆ ನಂಬರ್ ಬರೆಯೋಕೆ ಶುರು ಮಾಡಿದೆ. ಆಲಮಟ್ಟಿ ಹಿನ್ನೀರು ಬರುತ್ತೆ ಅಂತ ಹಳೇ ಬಾಗಲಕೋಟೆಯ ಮನೆ ಬಿಚ್ಚುವಾಗ ನೀವು ತೊಲೆಗಳ ಮೇಲೆ ಸುಣ್ಣದಲ್ಲಿ ನಂಬರ್ ಹಾಕಿದ್ದಿರಲ್ಲ, ನಾನು ಡಬ್ಬಿ ಹಿಡಿದುಕೊಂಡು ನಿಮ್ಮ ಹಿಂದೆ ಓಡಾಡಿದ್ದೆ. ಅದೇ ನೆನಪಾಯ್ತು. ಬೇಜಾರು ಅಂದ್ರೆ ಅದಕ್ಕಿಂತ ಮೊದಲೇ ಬಿಚ್ಚಿದ್ದ ಒಂದು ಡಬ್ಬಿ ತುಂಬ ಸಾಮಾನಿಗೆ ನಂಬರೇ ಇಲ್ಲ. ಅದರ ಕಥೆ ಆಮೇಲೆ.

ಗಾಡಿ 1971ರ ಷೆವರ್ಲೆ ಸಿ10. ಹಿಂದೆ ಸಾಮಾನು ಹೇರುವ ತೊಟ್ಟಿ ಎಂಟು ಅಡಿಯದ್ದು. ಎಂಜಿನ್ ಲೈನ್ ಸಿಕ್ಸ್, ಅಂದ್ರೆ ಆರು ಸಿಲಿಂಡರ್ ಒಂದೇ ಸಾಲಿನಲ್ಲಿ. 250 ಘನ ಇಂಚು, ಅಂದ್ರೆ ನಮ್ಮ ಲೆಕ್ಕದಲ್ಲಿ 4.1 ಲೀಟರ್. ಗೇರು ಸ್ಟೇರಿಂಗ್ ಪಕ್ಕದಲ್ಲಿ, ಹಳೇ ಅಂಬಾಸಿಡರ್ ಹಾಗೆ. ಆದರೆ ಮೂರೇ ಗೇರು. ಇಲ್ಲಿ ಇಂಥ ಗಾಡಿ ತಗೊಂಡವರಲ್ಲಿ ಭಾಳ ಜನ ಮೊದಲು ಮಾಡುವ ಕೆಲಸ ಅಂದ್ರೆ ಆರು ಸಿಲಿಂಡರ್ ಕಿತ್ತು ಬಿಸಾಕಿ ಎಂಟು ಸಿಲಿಂಡರಿನ ವಿ8 ಕೂರಿಸೋದು. ಪಕ್ಕದ ಮನೆಯ ರಿಟೈರ್ಡ್ ಯಜಮಾನರು ಎಂಜಿನ್ ಎತ್ತುವ ಕ್ರೇನು ಕೊಟ್ಟರು, ಜೊತೆಗೆ ಇದೇ ಉಪದೇಶವನ್ನೂ ಕೊಟ್ಟರು. ನಾನು ಒಪ್ಪಲಿಲ್ಲ. ಚಾಸಿ ನಂಬರಿನ ಎರಡನೇ ಅಕ್ಷರವೇ ಎಸ್, ಅಂದ್ರೆ ಫ್ಯಾಕ್ಟರಿಯಿಂದ ಆರು ಸಿಲಿಂಡರ್ ಆಗಿಯೇ ಬಂದದ್ದು. ವಿ8 ಇದ್ದಿದ್ದರೆ ಅಲ್ಲಿ ಇ ಇರುತ್ತಿತ್ತು. ಹುಟ್ಟಿದಾಗ ಇಟ್ಟ ಹೆಸರು ನಾನ್ಯಾಕೆ ಬದಲಿಸಲಿ? ಲೀಟರಿಗೆ ಆರೋ ಏಳೋ ಕಿಲೋಮೀಟರ್ ಬಂದರೆ ಪುಣ್ಯ. ನಿಮ್ಮ ಬಸ್ಸೂ ಹೆಚ್ಚು ಕೊಡುತ್ತಿರಲಿಲ್ಲ, ಆದರೆ ಅದರಲ್ಲಿ ಐವತ್ತು ಮಂದಿ ಇರುತ್ತಿದ್ದರು ಅಂತೀರಿ. ಗೊತ್ತು ಬಿಡಿ.

ಜಂಗಿನ ವಿಷಯ ಹೇಳಲೇಬೇಕು, ಯಾಕಂದ್ರೆ ಅರ್ಧ ರೊಕ್ಕ, ಮುಕ್ಕಾಲು ಟೈಮು ಅಲ್ಲೇ ಹೋಯ್ತು. ಇಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸೋಕೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಗಾಡಿಯ ಸಂದಿಯಲ್ಲೆಲ್ಲ ಹೊಕ್ಕು ಒಳಗಿನಿಂದ ತಿನ್ನುತ್ತೆ. ಕ್ಯಾಬಿನ್ ಹಿಂದಿನ ಎರಡು ಮೂಲೆ, ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ತಗಡು, ಇವು ಮೂರು ಹೋಗದ ಗಾಡಿ ಈ ಕಡೆ ಸಿಗೋದೇ ಇಲ್ಲ. ನನ್ನದು ನೋಡೋಕೆ ಚಂದ ಇತ್ತು. ಮನೆಗೆ ತಂದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಹಿಡಿದರೆ ಎಡಮೂಲೆಗೆ ಅಂಟಲೇ ಇಲ್ಲ, ಜಾರಿ ಕೆಳಗೆ ಬಿತ್ತು. ಉಳಿ ಹಾಕಿ ಕೆದರಿದೆ. ಬೆರಳು ದಪ್ಪ ಪುಟ್ಟಿ, ಅದರ ಹಿಂದೆ ಕೋಳಿ ಗೂಡಿನ ಜಾಲರಿ, ಅದರ ಹಿಂದೆ ಉಂಡೆ ಮಾಡಿ ತುರುಕಿದ ಹಳೇ ಪೇಪರು. ತಗಡೇ ಇಲ್ಲ! ಯಾರು ಮಾಡಿದ್ದೋ ಮಹಾನುಭಾವರು.

ಕತ್ತರಿಸಿ ಹೊಸ ತಗಡು ಕೂರಿಸೋಣ ಅಂತ ಒಂದು ಸಣ್ಣ ವೆಲ್ಡಿಂಗ್ ಮಷೀನ್ ತಂದೆ. ಅದಕ್ಕೂ ಮೊದಲು ಪೆಟ್ರೋಲ್ ಟ್ಯಾಂಕು ಇಳಿಸಿ ದೂರ ಇಟ್ಟೆ. ಟ್ಯಾಂಕು ಎಲ್ಲಿತ್ತು ಗೊತ್ತಾ? ಕ್ಯಾಬಿನ್ ಒಳಗೆ, ಸೀಟಿನ ಬೆನ್ನ ಹಿಂದೆ. ಈ ಮಾದರಿಗಳಲ್ಲಿ 1972ರ ತನಕ ಹಾಗೇ ಇಡುತ್ತಿದ್ದರು. ಸುಮಾರು 75 ಲೀಟರ್ ಪೆಟ್ರೋಲನ್ನು ಬೆನ್ನಿಗೆ ಕಟ್ಟಿಕೊಂಡು ಓಡಿಸಿದ ಹಾಗೆ. ಉಳಿದದ್ದೆಲ್ಲ ಹಳೇ ಥರಾನೇ ಇರಲಿ ಅಂತ ಹಟ ಹಿಡಿದವನು ಇದೊಂದನ್ನು ಮಾತ್ರ ಎರಡು ಮಾತಿಲ್ಲದೆ ಬದಲಿಸಿದೆ. ಈಗ ಹೊಸ ಟ್ಯಾಂಕು ಹಿಂದೆ, ತೊಟ್ಟಿಯ ಕೆಳಗೆ, ಎರಡು ಚಾಸಿ ಪಟ್ಟಿಗಳ ನಡುವೆ ಇದೆ. ಅವ್ವಾ, ನಿನ್ನ ಮೊಮ್ಮಗಳು ಕೂರೋ ಗಾಡಿ ಅದು, ಚಿಂತೆ ಮಾಡಬೇಡ.

ಮೊದಲನೇ ವೆಲ್ಡಿಂಗ್ ಕೆಟ್ಟಿತು. ಉತ್ಸಾಹದಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದೆ. ತಗಡು ತೆಳ್ಳಗಿನದು, ಕಾವು ತಡೀಲಿಲ್ಲ, ಹಂಚಿನ ಮೇಲಿನ ರೊಟ್ಟಿ ಹಾಗೆ ಉಬ್ಬಿ ನಿಂತಿತು. ಎಲ್ಲಾ ಕಿತ್ತು ಮತ್ತೆ ಮಾಡಿದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಲಿ ಅಂತ ಕಾಯೋದು, ಮತ್ತೆ ನಡುವೆ ಒಂದು ಚುಕ್ಕೆ. ಒಂದು ಮೂಲೆಗೆ ನಾಲ್ಕು ಶನಿವಾರ. ಇನ್ನೊಂದು ತಪ್ಪು ಈಗಲೂ ಹಾಗೇ ಇದೆ. ಬಾಗಿಲ ಕೆಳಗಿನ ಪಟ್ಟಿ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಒಂದು ಕಬ್ಬಿಣದ ಪಟ್ಟಿ ಬೆಸೆದು ಬಿಗಿ ಮಾಡಬೇಕು, ಇಲ್ಲದಿದ್ದರೆ ಕ್ಯಾಬಿನ್ ಕೂದಲೆಳೆಯಷ್ಟು ಕುಸಿಯುತ್ತೆ. ನಾನು ಅದನ್ನು ಮಾಡಲಿಲ್ಲ. ಹಾಗಾಗಿ ಡ್ರೈವರ್ ಕಡೆ ಬಾಗಿಲನ್ನು ಸ್ವಲ್ಪ ಎತ್ತಿ ಮುಚ್ಚಬೇಕು, ನವನಗರದ ಮನೆಗೆ ತಂದು ಕೂರಿಸಿದ ಪಡಸಾಲೆ ಬಾಗಿಲು ಇದೆಯಲ್ಲ, ಹಂಗೆ.

ಸಣ್ಣ ಸಾಮಾನಿನ ಜಂಗು ಬಿಡಿಸಿದ್ದು ಹೇಗೆ ಅಂದ್ರೆ ನಗ್ತೀರಿ. ಕಾಕಂಬಿ! ಇಲ್ಲಿ ದನದ ಮೇವಿನ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುತ್ತೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಡ್ರಮ್ಮಿನಲ್ಲಿ ಹಾಕಿ ಎರಡು ವಾರ ಮುಳುಗಿಸಿಟ್ಟರೆ ಜಂಗನ್ನು ಬಿಡಿಸುತ್ತೆ, ಕಬ್ಬಿಣಕ್ಕೆ ಹೆಚ್ಚೇನೂ ಮಾಡಲ್ಲ. ಅಲ್ಯೂಮಿನಿಯಂ ಮಾತ್ರ ಹಾಕಬಾರದು, ತಿಂದುಬಿಡುತ್ತೆ. ಬಾಗಿಲಿನ ಹಿಂಜು, ಬ್ರೇಕಿನ ಕಬ್ಬಿಣದ ಡ್ರಮ್ಮು, ಬಾನೆಟ್ಟಿನ ಕೊಂಡಿ, ಎಲ್ಲಾ ಬೂದು ಬಣ್ಣಕ್ಕೆ ತಿರುಗಿ ಹೊರಗೆ ಬಂದವು, ನೀರಲ್ಲಿ ತೊಳೆದ ಕೂಡಲೇ ಒರೆಸಿ ಎಣ್ಣೆ ಹಚ್ಚಬೇಕು, ಕೈ ತಡವಾದರೆ ಕಣ್ಣೆದುರೇ ಮತ್ತೆ ಕೆಂಪಗಾಗುತ್ತೆ. ಜುಲೈ ಬಿಸಿಲಿಗೆ ಡ್ರಮ್ಮು ಹುಳಿ ಬಂದು ಗ್ಯಾರೇಜೆಲ್ಲ ಮುಧೋಳ ದಾರಿಯ ಸಕ್ಕರೆ ಫ್ಯಾಕ್ಟರಿ ವಾಸನೆ. ನನಗೆ ಊರಿನ ನೆನಪಾಗಿ ಖುಷಿ. ನಿಮ್ಮ ಸೊಸೆ ಮೂಗಿಗೆ ಸೆರಗು. ಕಣಜದ ಹುಳ ಬಂದು ಮುತ್ತಿದ ಮೇಲೆ ಡ್ರಮ್ಮು ಹಿತ್ತಲಿಗೆ ಹೋಯ್ತು.

ಎಂಜಿನ್ನಿನ ಬೋರ್ ಮಾಡಿಸೋಕೆ ಒಂದು ಕಡೆ ಕೊಟ್ಟಿದ್ದೆ. ಮೂರು ವಾರ ಅಂದವರು ಮೂರು ತಿಂಗಳು ಮಾಡಿದರು, ಪಿಸ್ಟನ್ ಬೇರೆ ಅಳತೆಯದ್ದು ತರಿಸಿದರು, ಆ ಮಾತು ಸಾಕು.

ಈಗ ಆ ಮೇ ತಿಂಗಳ ರಾತ್ರಿ. ನಿಮಗೆ ಅಲ್ಲಿ ಬೆಳಗಿನ ಚಹಾದ ಹೊತ್ತು. ಎಂಜಿನ್ ಕೂರಿಸಿ ಮೊದಲ ಸಲ ಚಾಲೂ ಮಾಡಿದರೆ ಕೆಮ್ಮುತ್ತೆ, ಕಾರ್ಬುರೇಟರಿನಿಂದ ಫಟ್ ಅಂತ ಬೆಂಕಿ ಉಗುಳುತ್ತೆ, ನಿಲ್ಲುತ್ತೆ. ಎರಡು ದಿನ ಅದೇ ಕಥೆ. ಕಾರ್ಬುರೇಟರ್ ಮತ್ತೆ ಬಿಚ್ಚಿದೆ. ಟೈಮಿಂಗ್ ಮತ್ತೆ ನೋಡಿದೆ. ಕೊನೆಗೆ ನಾಚಿಕೆ ಬಿಟ್ಟು ನಿಮಗೆ ಫೋನ್ ಮಾಡಿದೆ. "ಫೋನು ಎಂಜಿನ್ ಹತ್ತಿರ ಹಿಡಿ, ಸೆಲ್ಫ್ ಹೊಡಿ" ಅಂದಿರಿ. ಹೊಡೆದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದಿರಿ. ಆ ಕಡೆ ಅವ್ವ ಬಟ್ಟಲು ಇಟ್ಟ ಸದ್ದು ಕೇಳಿಸಿತು. ಆಮೇಲೆ "ಫೈರಿಂಗ್ ಆರ್ಡರ್ ಹೇಳು" ಅಂದಿರಿ, ಅಂದ್ರೆ ಯಾವ ಸಿಲಿಂಡರ್ ಆದ ಮೇಲೆ ಯಾವುದು ಉರಿಯಬೇಕು ಅನ್ನೋ ಸರದಿ. ನಾನು ಪುಸ್ತಕ ಹುಡುಕುತ್ತಿದ್ದರೆ ನೀವೇ ಮಗ್ಗಿ ಒಪ್ಪಿಸಿದ ಹಾಗೆ "ಒಂದು ಐದು ಮೂರು ಆರು ಎರಡು ನಾಲ್ಕು" ಅಂದಿರಿ. "ಡೀಸಲ್ ಬಸ್ಸೋ ನಿನ್ನ ಪೆಟ್ರೋಲ್ ಗಾಡಿಯೋ, ಲೈನ್ ಸಿಕ್ಸ್ ಅಂದ್ರೆ ಸಾಮಾನ್ಯ ಇದೇ." ನಾನು "ಹಂಗೇ ಹಾಕಿದ್ದೇನೆ ಅಪ್ಪಾಜಿ" ಅಂದೆ. "ರೋಟರ್ ಯಾವ ಕಡೆ ತಿರುಗುತ್ತೆ?"

ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಮಗಳ ಕೈಲಿ ಸೆಲ್ಫ್ ಹೊಡೆಸಿ ನೋಡಿದೆ. ಒಳಗಿನ ರೋಟರ್ ಬಲಕ್ಕೆ ತಿರುಗುತ್ತೆ, ಗಡಿಯಾರದ ಮುಳ್ಳಿನ ಹಾಗೆ. ನಾನು ಪ್ಲಗ್ಗಿನ ವೈರುಗಳನ್ನು ಎಡಕ್ಕೆ ಎಣಿಸಿ ಹಾಕಿದ್ದೆ. ಅಂದ್ರೆ ಆರರಲ್ಲಿ ಒಂದನೇದು ಮತ್ತು ಆರನೇದು ಮಾತ್ರ ಸರಿಯಾದ ಜಾಗದಲ್ಲಿದ್ದವು, ಉಳಿದ ನಾಲ್ಕು ಅದಲುಬದಲು. ಅದಕ್ಕೇ ಪೂರಾ ಸಾಯುತ್ತಲೂ ಇರಲಿಲ್ಲ, ಬದುಕುತ್ತಲೂ ಇರಲಿಲ್ಲ. ನಾಲ್ಕು ವೈರು ಬದಲಿಸಿ ಕೀ ತಿರುಗಿಸಿದೆ. ಹಿಡಿದುಕೊಂಡಿತು! ನೀವು ಆ ಕಡೆಯಿಂದ "ಹ್ಞೂಂ, ಚಹಾ ಆರ್ತದ" ಅಂತ ಫೋನ್ ಇಟ್ಟುಬಿಟ್ಟಿರಿ. ಪ್ಲಗ್ಗೇ ಇಲ್ಲದ ಡೀಸಲ್ ಎಂಜಿನ್ನುಗಳ ಜೊತೆ ಬಾಳಿದವರು ಪ್ಲಗ್ಗಿನ ತಪ್ಪು ಹೇಗೆ ಹಿಡಿದಿರಿ, ಅದನ್ನು ಮಾತ್ರ ಇನ್ನೂ ಹೇಳಿಲ್ಲ ನೀವು.

ಬ್ರೇಕಿನ ವಿಷಯ ಅವ್ವ ಓದದಿದ್ದರೆ ಒಳ್ಳೇದು. ಜೂನ್‌ನಲ್ಲಿ ಗ್ಯಾರೇಜಿನಿಂದ ಹಿಂದಕ್ಕೆ ತೆಗೆಯುವಾಗ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯ್ತು. ಹಿಂದಿನ ಗಾಲಿಯ ಪೈಪು ಜಂಗು ತಿಂದು ಒಡೆದಿತ್ತು. ಬ್ರೇಕಿನ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಎರಡು ಖಾನೆಯದ್ದು, ಮುಂದಿನ ಗಾಲಿಗೆ ಒಂದು, ಹಿಂದಿನದಕ್ಕೆ ಒಂದು, ಹಾಗಾಗಿ ಮುಂದಿನ ಬ್ರೇಕು ಉಳಿಯಿತು, ಗಾಡಿ ರಸ್ತೆಗೆ ಇಳಿಯುವ ಮೊದಲು ನಿಂತಿತು. ಮುಂದೆ ಡಿಸ್ಕ್ ಇದೆ, ಈ ಗಾಡಿಗಳಿಗೆ ಅದು 1971ರಿಂದಲೇ ಬಂದದ್ದು. ಪೈಪುಗಳನ್ನೆಲ್ಲ ಈಗ ತಾಮ್ರ-ನಿಕ್ಕಲ್ಲಿನವು ಹಾಕಿದ್ದೇನೆ, ಜಂಗು ಹಿಡಿಯಲ್ಲ.

ಬಣ್ಣ ಮೊದಲಿನದೇ, ಹಸಿರು ಮತ್ತು ಬಿಳಿ. ತೊಟ್ಟಿಯ ಹಲಗೆ ಹೊಸದು, ಓಕ್ ಮರದ್ದು, ನಡುನಡುವೆ ಉಕ್ಕಿನ ಪಟ್ಟಿ. 25 ವರ್ಷ ದಾಟಿದ ಗಾಡಿಗೆ ಇಲ್ಲಿ ಬೇರೆಯೇ ನಂಬರ್ ಪ್ಲೇಟ್ ಕೊಡುತ್ತಾರೆ, ಮೆರವಣಿಗೆ, ಪ್ರದರ್ಶನಕ್ಕೆ ಓಡಿಸೋಕೆ. ನನಗೆ ಅದು ಬೇಡ ಅನಿಸಿತು. ಸಾದಾ ಪ್ಲೇಟೇ ಹಾಕಿಸಿದೆ. ತರಕಾರಿ ತರೋಕೂ ಇದನ್ನೇ ಒಯ್ಯುತ್ತೇನೆ, ಸುಮ್ನೆ ಒರೆಸಿ ನಿಲ್ಲಿಸೋಕೆ ಇಷ್ಟೆಲ್ಲ ಮಾಡಲಿಲ್ಲ.

ಈಗ ಅವ್ವಾ, ನಿನ್ನ ಹತ್ತಿರ ಕೆಲಸ. ಗಾಡಿಯ ಒಳಗಿನ ಚಾವಣಿ ಬರೀ ತಗಡು. ಮಳೆ ಬಂದರೆ ತಲೆ ಮೇಲೆ ಹಲಗೆ ಬಾರಿಸಿದ ಹಾಗೆ. ತೆಳ್ಳನೆ ಹಲಗೆ ಕತ್ತರಿಸಿ ಅದಕ್ಕೆ ಬಟ್ಟೆ ಎಳೆದು ಒಳಗೆ ಕೂರಿಸಬೇಕು ಅಂತಿದ್ದೇನೆ. ಇಲ್ಲಿ ಸಿಗೋದು ಬೂದು ಬಣ್ಣದ ಪ್ಲಾಸ್ಟಿಕ್ಕಿನಂಥ ಬಟ್ಟೆ. ನಿಮ್ಮ ಸೊಸೆಯೇ ಹೇಳಿದ್ದು, ಗುಳೇದಗುಡ್ಡದ ಕುಪ್ಪಸದ ಖಣ ಹಾಕೋಣ ಅಂತ. ಮೊದಲು ಸೀಟಿಗೂ ಅದೇ ಅಂದಿದ್ದೆ, ನೀನು ಫೋನಿನಲ್ಲಿ "ಉಡಿ ತುಂಬೋ ಖಣದ ಮ್ಯಾಲ ಕುಂದರ್ತಿಯೇನ?" ಅಂತ ಒದರಿದೆ. ಸರಿ, ಸೀಟು ಬೇಡ. ತಲೆ ಮೇಲೆ ಇದ್ದರೆ ಅಡ್ಡಿ ಇಲ್ಲ ಅಲ್ವಾ? ಬಿಸಿಲೂ ಅಲ್ಲಿಗೆ ನೇರ ಬೀಳಲ್ಲ, ಬಣ್ಣ ಹೋಗಲ್ಲ. ಅಗಲ ಕಡಿಮೆ ಇರುತ್ತೆ, ಅದಕ್ಕೆ ನಾಲ್ಕು ಬೇಕು, ಒಂದೇ ಬಣ್ಣದ್ದು, ಚಿಕ್ಕ ಹೂವಿನದ್ದು. ಹೊರಗೆ ಹಸಿರು ಇದೆ, ಕೆಂಪು ಒಪ್ಪುತ್ತೆ ಅನಿಸುತ್ತೆ, ನೀನು ನೋಡಿ ಆರಿಸು. ಕೈಮಗ್ಗದ್ದೇ ಇರಲಿ, ರೊಕ್ಕ ಜಾಸ್ತಿ ಆದರೂ ಅಡ್ಡಿ ಇಲ್ಲ. ಇಷ್ಟು ಹೋದ ಮೇಲೆ ಅದೇನು ಮಹಾ.

ಅಪ್ಪಾಜಿ, ಇನ್ನು ಆ ನಂಬರ್ ಇಲ್ಲದ ಡಬ್ಬಿ. ಎಲ್ಲಾ ಕೂಡಿಸಿ ಆದ ಮೇಲೂ ಏಳು ಬೋಲ್ಟು ಉಳಿದಿವೆ. ಗಾಡಿ ಓಡುತ್ತೆ, ಏನೂ ಕಳಚಿ ಬಿದ್ದಿಲ್ಲ. ಫೋಟೋದ ಹಿಂದೆ ಅವುಗಳ ಉದ್ದ, ದಪ್ಪ ಬರೆದಿದ್ದೇನೆ. ನೋಡಿ, ಯಾವುದಾದರೂ ಅಂದಾಜಾದರೆ ಹೇಳಿ.

ಮತ್ತೆ ನಿಮ್ಮ ಟ್ರಂಕಿನಲ್ಲಿ ಸಂದಿ ಅಳೆಯುವ ತೆಳು ಎಲೆಗಳ ಒಂದು ಹಳೇ ಫೀಲರ್ ಗೇಜ್ ಇದೆಯಲ್ಲ, ಇಂಚಿನ ಲೆಕ್ಕದ್ದು, ಅದನ್ನು ಕೊಡುತ್ತೀರಾ? ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 19 ಥೌ, ಅಂದ್ರೆ ಇಂಚಿನ ಸಾವಿರದಲ್ಲಿ ಹತ್ತೊಂಬತ್ತು ಪಾಲು ಇಡಬೇಕು, ಇಲ್ಲಿ ತಂದದ್ದರ ಎಲೆ ಆಗಲೇ ಬಾಗಿದೆ. ಎಣ್ಣೆ ಒರೆಸಿ ಬಟ್ಟೆಯಲ್ಲಿ ಸುತ್ತಿ ಖಣದ ಜೊತೆ ಇಡಿ. ಗೆಳೆಯ ನವೆಂಬರ್ 2ಕ್ಕೆ ವಾಪಸ್ ಹೊರಡುತ್ತಾನೆ, ಅದರ ಹಿಂದಿನ ದಿನ ಮನೆಗೆ ಬಂದು ಒಯ್ಯುತ್ತಾನೆ. ದೊಡ್ಡ ಬ್ಯಾಗಿಗೆ ಹಾಕಲು ಹೇಳಿ, ಕೈಚೀಲದಲ್ಲಿ ಇಟ್ಟರೆ ಏರ್‌ಪೋರ್ಟಿನಲ್ಲಿ ಕಿತ್ತುಕೊಂಡಾರು.

ನಿಮ್ಮ ಮಗ