ಆ ಬಾಗಿಲನ್ನು ತಾಯಂದಿರಿಗೂ ತೆರೆಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ಮಗನಿಗೆ ಆಟಿಸಂ, ಅಂದರೆ ಮಾತು, ಬೆರೆಯುವಿಕೆ, ವರ್ತನೆಗಳು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ. ಈಗ ಐದೂವರೆ ವರ್ಷ. ಅವನಿಗೆ ಮೂರು ತುಂಬಿದಾಗಿನಿಂದ ಜಿಲ್ಲಾ ಕೇಂದ್ರಕ್ಕೆ ಅಲೆಯುತ್ತಿದ್ದೇನೆ. ಎರಡು ಬಸ್ಸು ಬದಲಿಸಬೇಕು. ಶಕ್ತಿ ಯೋಜನೆಯಿಂದ ಟಿಕೆಟಿನ ದುಡ್ಡು ಉಳಿದಿದೆ, ಆ ದಿನದ ಕೂಲಿ ಉಳಿಯುವುದಿಲ್ಲ. ಅಲ್ಲಿ ವಾರಕ್ಕೆ ಸಿಗುವುದು ಅರ್ಧ ಗಂಟೆಯ ಥೆರಪಿ. ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಾರೆ. ನಾವು ತಾಯಂದಿರು ಹೊರಗೆ ಬೆಂಚಿನ ಮೇಲೆ. ವಾರದ 168 ಗಂಟೆಗಳಲ್ಲಿ ಆ ಅರ್ಧ ಗಂಟೆ ಬಿಟ್ಟರೆ ಮಗು ನನ್ನ ಬಳಿಯೇ ಇರುತ್ತದೆ. ಆದರೆ ನನಗೆ ಯಾರೂ ಏನನ್ನೂ ಕಲಿಸುವುದಿಲ್ಲ.

ಕಳೆದ ಆಷಾಢದಲ್ಲಿ ಬಸ್ಸಿನಲ್ಲಿ ಅವನು ಚೀರತೊಡಗಿದ. ‘ಎರಡು ಬಾರಿಸಮ್ಮ, ಸರಿಹೋಗುತ್ತಾನೆ’ ಎಂದರು ಹಿಂದಿನ ಸೀಟಿನವರು. ಎಲ್ಲರೂ ತಿರುಗಿ ನೋಡುತ್ತಿದ್ದರು. ನಾನು ಹೊಡೆದೆ. ಅವನು ಅಳಲಿಲ್ಲ. ತನ್ನ ಕೈಯಿಂದಲೇ ಅದೇ ಕೆನ್ನೆಗೆ ಮತ್ತೆ ಮತ್ತೆ ಹೊಡೆದುಕೊಂಡ. ಊರು ಬರುವವರೆಗೂ ನಾನು ಆ ಪುಟ್ಟ ಕೈಯನ್ನು ಹಿಡಿದುಕೊಂಡೇ ಕುಳಿತಿದ್ದೆ.

ಮುಂದಿನ ಸಲ ಹೋದಾಗ ಇದನ್ನು ಹೇಳಿಕೊಂಡು ಅತ್ತೆ. ಇಂಗ್ಲಿಷಿನ ಜೆರಾಕ್ಸ್ ಹಾಳೆಯೊಂದನ್ನು ಕೊಟ್ಟು ಸಹಿ ಮಾಡಿಸಿಕೊಂಡರು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು ಸ್ವಾಮಿ. ಇದಕ್ಕೆ ತರಬೇತಿ ಎನ್ನುತ್ತಾರೆಯೇ?

ಒಮ್ಮೆ ಮಾತ್ರ, ನಾಲ್ಕು ವಾರ, ಗುತ್ತಿಗೆಯ ಮೇಲೆ ಬಂದಿದ್ದ ಹುಡುಗಿಯೊಬ್ಬಳು ನನ್ನನ್ನೂ ಒಳಗೆ ಕೂರಿಸಿಕೊಂಡಳು. ನೋಟ್ ಬುಕ್ಕಿನಲ್ಲಿ ಮೂರು ಗೆರೆ ಎಳೆದುಕೊಟ್ಟಳು: ಚೀರುವ ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ನೀವು ಏನು ಮಾಡಿದಿರಿ. ಹತ್ತು ದಿನ ಬರೆದೆ. ಮೊದಲ ಸಾಲಿನಲ್ಲಿ ಏಳು ಕಡೆ ‘ಕುಕ್ಕರ್ ಕೂಗಿತು’ ಎಂದಿತ್ತು. ಕೊನೆಯ ಸಾಲಿನಲ್ಲಿ ಬಹುತೇಕ ಎಲ್ಲ ಕಡೆ ‘ಮೊಬೈಲ್ ಕೊಟ್ಟೆ’. ಚೀರಿದರೆ ಮೊಬೈಲ್ ಸಿಗುತ್ತದೆ ಎಂದು ನಾನೇ ಅವನಿಗೆ ಕಲಿಸಿದ್ದೆ! ಅಂದಿನಿಂದ ಕುಕ್ಕರ್ ಇಡುವ ಹೊತ್ತಿಗೆ ಅವನು ಹಿತ್ತಲಲ್ಲಿ ಅಜ್ಜಿಯ ಜೊತೆ ಗಿಡಕ್ಕೆ ನೀರು ಹಾಕುತ್ತಾನೆ. ಬೆಳಗಿನ ಚೀರಾಟ ನಿಂತಿತು. ಆ ಹುಡುಗಿಯ ಗುತ್ತಿಗೆಯೂ ಮುಗಿಯಿತು. ಆ ಕುರ್ಚಿ ಇಂದಿಗೂ ಖಾಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಇದೆ, ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಯೋಜನೆ 2013ರಿಂದ ಇದೆ ಎಂಬುದನ್ನು ತಮಗೆ ನಾನು ಹೇಳಬೇಕಿಲ್ಲ. ಇಂಥ ಮಕ್ಕಳ ಪೋಷಕರಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ಗುಂಪು ತರಗತಿ ಮತ್ತು ಮೂರು ಮನೆ ಭೇಟಿಗಳ ತರಬೇತಿಯೊಂದನ್ನು ರೂಪಿಸಿದೆ. ಅದನ್ನು ನಡೆಸಲು ತಜ್ಞ ವೈದ್ಯರೇ ಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಂಥವು ನಮ್ಮ ರಾಜ್ಯದಲ್ಲೇ ಇವೆ. ಕಲಿಸಬಲ್ಲವರು ಇದ್ದಾರೆ, ಕಲಿಯಲು ನಾವಿದ್ದೇವೆ. ನಡುವೆ ಇರುವುದು ತಮ್ಮ ಇಲಾಖೆಯ ಒಂದು ಆದೇಶ.

ಪೋಷಕರಿಗೆ ತರಬೇತಿ ಕೊಡಿಸಿ. ಕನ್ನಡದಲ್ಲಿ ಕೊಡಿಸಿ. ತಾಲ್ಲೂಕು ಆಸ್ಪತ್ರೆಯಲ್ಲೇ ಕೊಡಿಸಿ. ಖಾಲಿ ಇರುವ ಹುದ್ದೆಗಳನ್ನು ತುಂಬಿಸಿ. ಅದಕ್ಕೆಲ್ಲ ಸಮಯ ಬೇಕೆನ್ನುವುದಾದರೆ, ನಾಳೆಯಿಂದಲೇ ಆ ಬಾಗಿಲನ್ನಾದರೂ ತೆಗೆಸಿ, ಒಳಗೆ ಏನು ಮಾಡುತ್ತಾರೆಂದು ನಾವು ನೋಡಿಯಾದರೂ ಕಲಿಯುತ್ತೇವೆ.

ಯಾವ ದಿನ, ಯಾವ ಆಸ್ಪತ್ರೆ ಎಂದಷ್ಟೇ ತಿಳಿಸಿ. ಬೆಂಚಿನ ಮೇಲೆ ನನ್ನ ಜೊತೆ ಕೂರುವ ಆರು ತಾಯಂದಿರನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ